ಹೆಸರು ಸನ್ ತ್ಸುವಿನದು, ಹೊಡೆದಾಟ ಯಾರದು? ಕಾಲೇಜಿನಲ್ಲಿ ಅಳೆದು ನೋಡುವ ಬಗೆ

2000ರಲ್ಲಿ ತೆರೆಕಂಡ ವೆಸ್ಲಿ ಸ್ನೈಪ್ಸ್ ಸಿನಿಮಾ ‘ದಿ ಆರ್ಟ್ ಆಫ್ ವಾರ್’ಗೂ ಅದೇ ಹೆಸರಿನ, ಪ್ರಾಚೀನ ಚೀನಾದ ಸನ್ ತ್ಸುವಿನ ಯುದ್ಧಶಾಸ್ತ್ರ ಗ್ರಂಥಕ್ಕೂ ನಂಟು ಸಡಿಲ. ಎಷ್ಟು ಸಡಿಲ ಎಂಬುದನ್ನು ಚಿಕ್ಕಬಳ್ಳಾಪುರದ ಒಂದು ಪದವಿ ಕಾಲೇಜಿನ ಸಿನಿಮಾ ಕೂಟ ಎರಡು ಮಧ್ಯಾಹ್ನಗಳಲ್ಲಿ ತೂಗಿ ನೋಡಬಹುದು.

ಮೊದಲ ಮಧ್ಯಾಹ್ನ ಓದಿಗೆ. ಗ್ರಂಥ ದೊಡ್ಡದಲ್ಲ, 13 ಅಧ್ಯಾಯ, ಸುಮಾರು 6,000 ಚೀನೀ ಅಕ್ಷರ. ಅದರಲ್ಲಿ 1, 3 ಮತ್ತು 13ನೇ ಅಧ್ಯಾಯ ಸಾಕು. ಲಯನೆಲ್ ಜೈಲ್ಸ್ 1910ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಸಾರಾಂಶವನ್ನು ಕನ್ನಡದಲ್ಲಿ ಎರಡು ಪುಟಕ್ಕಿಳಿಸಿ ಜೆರಾಕ್ಸ್ ಹಂಚಿ. ಎರಡು ಅನುವಾದಗಳನ್ನು ಬೆರೆಸಬೇಡಿ: ಮೊದಲ ಅಧ್ಯಾಯದ ‘ತಾವೋ’ ಜೈಲ್ಸ್‌ನಲ್ಲಿ ನೈತಿಕ ನಿಯಮ, ಬೇರೆಯವರಲ್ಲಿ ಬರೀ ದಾರಿ. ಆ ಜಗಳದಲ್ಲೇ ಅರ್ಧ ಗಂಟೆ ಹೋಗುತ್ತದೆ.

ಎರಡನೇ ಮಧ್ಯಾಹ್ನ ಸಿನಿಮಾ. 117 ನಿಮಿಷ ಇದೆ, ನಿಲ್ಲಿಸಿ ನಿಲ್ಲಿಸಿ ನೋಡುವುದಕ್ಕೆ ಮೂರು ಗಂಟೆ ಇಟ್ಟುಕೊಳ್ಳಿ. ಸಬ್‌ಟೈಟಲ್ ಹಾಕಿ, ಮಾತು ಕೇಳದಿದ್ದರೆ ಹೋಲಿಕೆ ಬರೀ ಊಹೆ. ಪ್ರತಿಯೊಬ್ಬರ ಹಾಳೆಯಲ್ಲೂ ಮೂರು ಅಂಕಣ: ದೃಶ್ಯ ಬಂದ ನಿಮಿಷ, ಹೋಲುವ ಸೂತ್ರ, ನಂಟಿನ ಬಗೆ. ಕೊನೆಯದರಲ್ಲಿ ‘ಮಾತು’, ‘ಕೆಲಸ’, ‘ಹೆಸರು’ ಇವುಗಳಲ್ಲಿ ಒಂದನ್ನೇ ಬರೆಯಬೇಕು. ಪಾತ್ರ ಸೂತ್ರವನ್ನು ಬಾಯಲ್ಲಿ ಹೇಳಿದರೆ ‘ಮಾತು’, ಕಥೆ ಅದರಂತೆ ನಡೆದರೆ ‘ಕೆಲಸ’, ಎರಡೂ ಇಲ್ಲದಿದ್ದರೆ ‘ಹೆಸರು’.

‘ಕೆಲಸ’ ಎಂದು ಬರೆಯಬಹುದಾದ ದೃಶ್ಯ ಸಿಗುವುದು ಆರಂಭದಲ್ಲೇ. ವಿಶ್ವಸಂಸ್ಥೆಯ ಗುಪ್ತ ಏಜೆಂಟ್ ನೀಲ್ ಶಾ, ಹಾಂಗ್‌ಕಾಂಗಿನ ಹೊಸ ವರ್ಷದ ಪಾರ್ಟಿಯಲ್ಲಿ ಒಬ್ಬ ಉತ್ತರ ಕೊರಿಯಾದ ಸಚಿವನ ಗುಟ್ಟು ಹಿಡಿದು ಅವನನ್ನು ಮಾತುಕತೆಗೆ ಬಗ್ಗಿಸುತ್ತಾನೆ. ಕಾದಾಡದೆ ಎದುರಾಳಿಯನ್ನು ಮಣಿಸುವುದೇ ಎಲ್ಲಕ್ಕಿಂತ ಮೇಲು ಎನ್ನುತ್ತದೆ ಮೂರನೇ ಅಧ್ಯಾಯ. ಮರುಕ್ಷಣವೇ ಗುದ್ದಾಟ, ಕಟ್ಟಡದಿಂದ ಪ್ಯಾರಾಚೂಟ್ ಜಿಗಿತ. ಅಲ್ಲಿಗೆ ಸನ್ ತ್ಸು ಮನೆಗೆ ಹೋದ. ಚೀನೀ ರಾಯಭಾರಿಯ ಕೊಲೆ ಶಾನ ತಲೆಗೆ ಬಂದ ಮೇಲೆ ಒಳಗಿನವರ ದ್ರೋಹದ ಎಳೆ ಬಿಚ್ಚುವಾಗ ಮಾತ್ರ 13ನೇ ಅಧ್ಯಾಯ ಮತ್ತೆ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಗೂಢಚಾರರು ಐದು ಬಗೆ: ವೈರಿನಾಡಿನ ಸ್ಥಳೀಯರು, ವೈರಿಯ ಅಧಿಕಾರಿಗಳು, ನಮ್ಮ ಕಡೆಗೆ ತಿರುಗಿಸಿಕೊಂಡ ವೈರಿ ಚಾರರು, ಸುಳ್ಳು ಸುದ್ದಿ ಹೊತ್ತು ಬಲಿಯಾಗುವವರು, ಬದುಕಿ ಬಂದು ಸುದ್ದಿ ಮುಟ್ಟಿಸುವವರು. ಒಂದೊಂದು ಪಾತ್ರವೂ ಯಾವ ಬಗೆ ಎಂದು ಗುರುತಿಸಿ, ಎಲ್ಲಿಯೂ ಕೂರದ ಪಾತ್ರವನ್ನು ಬಿಟ್ಟುಬಿಡಿ.

ಎಲ್ಲರೂ ಎಡವುವ ಜಾಗ ಬೇರೆ. ‘ಯುದ್ಧವೆಲ್ಲ ವಂಚನೆ’ ಎಂಬ ಮೊದಲ ಅಧ್ಯಾಯದ ಸಾಲು ಯಾವ ಚಿತ್ರಕ್ಕೂ ಅಂಟುತ್ತದೆ. ಹಾಗಾಗಿ ಒಂದು ನಿಯಮ ಇಡಿ: ಅದೇ ಸೂತ್ರ ನಿನ್ನೆ ನೋಡಿದ ಯಾವುದೋ ಕನ್ನಡ ಆಕ್ಷನ್ ಚಿತ್ರಕ್ಕೂ ಹೊಂದಿದರೆ ಅದು ಲೆಕ್ಕಕ್ಕಿಲ್ಲ. ಇನ್ನೊಂದು, ‘ಗೆಳೆಯರನ್ನು ಹತ್ತಿರ ಇಟ್ಟುಕೋ, ವೈರಿಯನ್ನು ಇನ್ನೂ ಹತ್ತಿರ’ ಎಂಬ ಮಾತು. ವಾಟ್ಸಾಪಿನಲ್ಲಿ ಸನ್ ತ್ಸುವಿನ ಹೆಸರಲ್ಲಿ ಓಡಾಡುತ್ತದೆ, ಗ್ರಂಥದಲ್ಲಿ ಇಲ್ಲ. ಅದು 1974ರ ‘ಗಾಡ್‌ಫಾದರ್’ ಎರಡನೇ ಭಾಗದ ಸಂಭಾಷಣೆ. ಉದ್ಧರಣೆ ಹೇಳುವವರು ಅಧ್ಯಾಯದ ಸಂಖ್ಯೆಯನ್ನೂ ಹೇಳಲಿ.

ಸೂತ್ರ ತಲೆಗೆ ಇಳಿಯದಿದ್ದರೆ ಕಿಟಕಿಯಾಚೆ ನಂದಿಬೆಟ್ಟ ತೋರಿಸಿ. ಕೋಟೆಗೆ ಮುತ್ತಿಗೆ ಹಾಕುವುದು ಎಲ್ಲಕ್ಕಿಂತ ಕೆಟ್ಟ ದಾರಿ ಎನ್ನುತ್ತಾನೆ ಸನ್ ತ್ಸು: ಸಲಕರಣೆಗೆ ಮೂರು ತಿಂಗಳು, ಮಣ್ಣಿನ ದಿಬ್ಬಕ್ಕೆ ಇನ್ನೂ ಮೂರು, ತಾಳ್ಮೆಗೆಟ್ಟ ಸೇನಾಪತಿ ಇರುವೆ ಸಾಲಿನಂತೆ ಜನರನ್ನು ಗೋಡೆ ಹತ್ತಿಸಿದರೆ ಮೂರರಲ್ಲೊಂದು ಪಾಲು ಸಾಯುತ್ತಾರೆ. ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಇದೇ ಬೆಟ್ಟದ ಕೋಟೆಗೆ ಮುತ್ತಿಗೆ ಹಾಕಿ 1791ರ ಅಕ್ಟೋಬರಿನಲ್ಲಿ ಗೆದ್ದುಕೊಂಡಿತಲ್ಲ, ಹಾಗಾದರೆ ಸನ್ ತ್ಸು ತಪ್ಪೇ ಎಂದು ಕೇಳಿ. ಸನ್ ತ್ಸುವಿನ ಕಾಲದಲ್ಲಿ ಇಲ್ಲದ ಫಿರಂಗಿಯ ಮಾತು ತಾನಾಗಿ ಬರುತ್ತದೆ, ಚರ್ಚೆ ಓಡುತ್ತದೆ.

ಸಮಯ ಉಳಿದರೆ ಕೌಟಿಲ್ಯನನ್ನೂ ಎಳೆದು ತನ್ನಿ. ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಆರ್. ಶಾಮಶಾಸ್ತ್ರಿ 1905ರಲ್ಲಿ ಮೈಸೂರಿನಲ್ಲೇ ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಅದರ ಕಾಪಟಿಕ (ಕಪಟ ಶಿಷ್ಯ), ಉದಾಸ್ಥಿತ (ಸನ್ಯಾಸ ಬಿಟ್ಟವನು), ಗೃಹಪತಿಕ (ಗೃಹಸ್ಥ), ವೈದೇಹಕ (ವ್ಯಾಪಾರಿ), ತಾಪಸ (ತಪಸ್ವಿ) ಚಾರರನ್ನು ಚೀನಾದ ಐವರ ಪಕ್ಕದಲ್ಲಿಡಿ. ಕೌಟಿಲ್ಯ ಚಾರರ ವೇಷ ನೋಡಿ ವಿಂಗಡಿಸುತ್ತಾನೆ, ಸನ್ ತ್ಸು ಅವರು ಯಾರ ಕಡೆಯವರು, ಏನಾಗುತ್ತಾರೆ ಎಂದು ನೋಡುತ್ತಾನೆ. ಸಿನಿಮಾಕ್ಕೆ ಹೊಂದುವುದು ಎರಡನೆಯದೇ.

ಪಾಠದ ಭಾಗವಾಗಿ ವಿದ್ಯಾರ್ಥಿಗಳಿಗೆ, ಸಿಬ್ಬಂದಿಗೆ, ಪೋಷಕರಿಗೆ ತೋರಿಸಲು ಕಾಪಿರೈಟ್ ಕಾಯ್ದೆಯಲ್ಲಿ ಅವಕಾಶವಿದೆ. ಪೋಸ್ಟರ್ ಅಂಟಿಸಿ ಊರಿನವರನ್ನೆಲ್ಲ ಕರೆದರೆ ಅದು ಸಾರ್ವಜನಿಕ ಪ್ರದರ್ಶನ, ಹಕ್ಕುದಾರರ ಅನುಮತಿ ಬೇಕು. ಹಿಂಸೆಯ ದೃಶ್ಯಗಳು ಹೆಚ್ಚು, ಪಿಯುಸಿ ಮಕ್ಕಳನ್ನು ಕೂರಿಸಬೇಡಿ.