ಇಲ್ಲಿ ಒಂದೇ ಸಲ ಕೇಳುತ್ತಾರೆ: ಆಸ್ಟ್ರೇಲಿಯಾದ ಹಳ್ಳಿಗಾಡಿಗೆ ಬರುವ ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ

ನಾವಿರುವುದು ಲೀಟನ್‌ನಲ್ಲಿ. ನ್ಯೂ ಸೌತ್ ವೇಲ್ಸ್‌ನ ರಿವರಿನಾ ಸೀಮೆ, ಸಿಡ್ನಿಯಿಂದ ಸುಮಾರು 550 ಕಿಲೋಮೀಟರ್ ದೂರದ ಒಳನಾಡು. ಬಂದು ಹದಿನಾಲ್ಕು ವರ್ಷವಾಯಿತು. ನನಗೆ ಗೊತ್ತಿರುವಂತೆ ಸುತ್ತಮುತ್ತ ಕನ್ನಡದ ಮನೆ ನಮ್ಮದೊಂದೇ. ದಾವಣಗೆರೆಯ ಹದಿನಾರು ವರ್ಷದ ಹುಡುಗನೊಬ್ಬ ರೋಟರಿ ಯೂತ್ ಎಕ್ಸ್‌ಚೇಂಜ್‌ನಲ್ಲಿ, ಅಂದರೆ ಇಲ್ಲಿಯವರ ಮನೆಯಲ್ಲಿದ್ದು ಇಲ್ಲಿಯ ಶಾಲೆಗೆ ಹೋಗುವ ಯೋಜನೆಯಲ್ಲಿ, ಒಂದು ವರ್ಷಕ್ಕೆ ಬಂದಾಗ, ರೋಟರಿ ಕ್ಲಬ್ಬಿನವರು ಮೊದಲ ಭಾನುವಾರವೇ ಅವನನ್ನು ನಮ್ಮ ಮನೆಗೆ ಕರೆತಂದರು. ಕನ್ನಡ ಕಿವಿಗೆ ಬಿದ್ದರೆ ಹುಡುಗನಿಗೆ ಹಗುರವಾಗುತ್ತದೆ ಅಂತ. ನಿಜ ಹೇಳಬೇಕೆಂದರೆ ಅವನಿಗಿಂತ ನನಗೇ ಜಾಸ್ತಿ ಹಗುರವಾಯಿತು. ನನ್ನ ತಪ್ಪುಗಳು ಶುರುವಾಗಿದ್ದೂ ಅಲ್ಲಿಂದಲೇ.

ಕಾಗದಪತ್ರದ ಮಾತು ಒಂದೇ ಉಸಿರಿಗೆ ಮುಗಿಸುತ್ತೇನೆ. ವೀಸಾ, ಹೆಲ್ತ್ ಇನ್ಶೂರೆನ್ಸ್, ಶಾಲೆಯ ಪತ್ರ, ಎಲ್ಲ ಕ್ಲಬ್ಬಿನವರು ಹೇಳಿದಂತೆ ಮಾಡಿ. ಏರ್‌ಪೋರ್ಟಿನಲ್ಲಿ ತಿಂಡಿ, ಮಸಾಲೆ, ಬೀಜ ಇದೆಯಾ ಅಂತ ಕೇಳಿದರೆ ಹೌದು ಅನ್ನಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಹಸಿ ಕರಿಬೇವಿನ ಆಸೆ ಬಿಟ್ಟುಬಿಡಿ. ಸ್ವೆಟರ್ ಮಾತ್ರ ಮರೆಯಬೇಡಿ. ಆಸ್ಟ್ರೇಲಿಯಾ ಅಂದರೆ ಬಿಸಿಲು ಅಂದುಕೊಂಡು ಅವನಮ್ಮ ಆರು ಟೀ ಶರ್ಟ್ ಹಾಕಿ ಕಳಿಸಿದ್ದರು. ಜನವರಿಯಲ್ಲಿ ಸರಿಯೇ, ನಲವತ್ತು ಡಿಗ್ರಿ ದಾಟುತ್ತದೆ. ಜುಲೈನಲ್ಲಿ ಬೆಳಿಗ್ಗೆ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿರುತ್ತದೆ.

ಈಗ ಊಟದ ವಿಷಯ. ನಮ್ಮಲ್ಲಿ ಪಂಕ್ತಿಯಲ್ಲಿ ಕೂತವನು "ಸಾಕು ಸಾಕು" ಅಂತ ಎಲೆಗೆ ಕೈ ಅಡ್ಡ ಹಿಡಿಯುತ್ತಾನೆ. ಬಡಿಸುವವರು ಬೆರಳ ಸಂದಿಯಲ್ಲೇ ಸಾರು ಬಿಡುತ್ತಾರೆ. ಇಬ್ಬರಿಗೂ ಗೊತ್ತಿರುವ ಆಟ ಅದು. ಇಲ್ಲಿ ಆ ಆಟ ಇಲ್ಲ. ಇನ್ನೂ ಬೇಕಾ ಅಂತ ಒಂದೇ ಸಲ ಕೇಳುತ್ತಾರೆ. ಬೇಡ ಅಂದರೆ ಪಾತ್ರೆ ಒಳಗೆ ಹೋಯಿತು. ಇವರು ಜಿಪುಣರು ಅಂತ ನಾನು ಮೂರು ವರ್ಷ ಅಂದುಕೊಂಡಿದ್ದೆ. ಬೇಡ ಅಂದವರನ್ನು ಒತ್ತಾಯ ಮಾಡುವುದು ಇವರ ಲೆಕ್ಕದಲ್ಲಿ ಒರಟುತನ ಅಂತ ಆಮೇಲೆ ಗೊತ್ತಾಯಿತು. ಹುಡುಗ ಮೊದಲ ನಾಲ್ಕು ದಿನ ಸಂಕೋಚಕ್ಕೆ ಬೇಡ ಬೇಡ ಅಂದು ಅರೆಹೊಟ್ಟೆಯಲ್ಲಿ ಮಲಗಿದ್ದನಂತೆ. ಅದೂ ಊಟ ಸಂಜೆ ಆರಕ್ಕೆ. ಅದಕ್ಕೆ 'ಟೀ' ಅನ್ನುತ್ತಾರೆ. ಮೊದಲ ದಿನ ಇವನು ಟೀಗೆ ಸ್ವಲ್ಪ ತಿಂದು, ರಾತ್ರಿ ಊಟಕ್ಕೆ ಕರೆಯುತ್ತಾರೆ ಅಂತ ರೂಮಿನಲ್ಲಿ ಕಾದ. ಒಂಬತ್ತಕ್ಕೆ ಮನೆಯ ದೀಪಗಳೆಲ್ಲ ಆರಿದವು.

ಈ ಕತೆ ಕೇಳಿ ನನ್ನ ಕರುಳು ಚುರ್ ಅಂದಿತು. ಆಗ ಮಾಡಿದೆ ನೋಡಿ, ದೊಡ್ಡ ತಪ್ಪು. ಪ್ರತಿ ಭಾನುವಾರ ನಾಲ್ಕು ಡಬ್ಬಿ ಕಟ್ಟಿಕೊಟ್ಟೆ. ಪುಳಿಯೋಗರೆ, ಪಲ್ಯ, ಚಪಾತಿ, ಸಾರು. ಅವನು ತಾನಿದ್ದ ಮನೆಯವರ ಟೇಬಲ್ಲಿಗೆ ಕೂತು, ತನ್ನ ಡಬ್ಬಿ ತೆಗೆದು, ತಾನೊಬ್ಬನೇ ತಿನ್ನತೊಡಗಿದ. ಎರಡು ತಿಂಗಳು ಹೀಗೇ ನಡೆಯಿತು. ನಾನೋ, ಪುಣ್ಯದ ಕೆಲಸ ಮಾಡುತ್ತಿದ್ದೇನೆ ಅಂತ ಬೀಗುತ್ತಿದ್ದೆ. ಕೊನೆಗೆ ಆ ಮನೆಯಾಕೆಯ ಗೆಳತಿ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಕ್ಕಾಗ ಮೆಲ್ಲಗೆ ಹೇಳಿದಳು. ಸಸ್ಯಾಹಾರಿ ಹುಡುಗ ಬರುತ್ತಾನೆ ಅಂತ ಆಕೆ ಲೈಬ್ರರಿಯಿಂದ ಅಡುಗೆ ಪುಸ್ತಕ ತಂದು, ಬೇಳೆ ಬೇಯಿಸುವುದು, ಕಡಲೆಕಾಳಿನ ಪಲ್ಯ ಮಾಡುವುದು ಕಲಿತಿದ್ದರಂತೆ. ಈಗ ಯಾರಿಗೆ ಮಾಡಲಿ ಅಂತ ನಿಲ್ಲಿಸಿದ್ದಾರಂತೆ. ಹಾಲಿನ ಸೆಕ್ಷನ್ ಮುಂದೆ ನಿಂತು ನನಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಮುಂದಿನ ಭಾನುವಾರ ಡಬ್ಬಿ ಕೊಡಲಿಲ್ಲ. ಆಕೆಯನ್ನೇ ನಮ್ಮ ಅಡುಗೆಮನೆಗೆ ಕರೆದು, ಒಗ್ಗರಣೆ ಹಾಕುವುದನ್ನು ತೋರಿಸಿದೆ. ಸಾಸಿವೆ ಸಿಡಿದಾಗ ಹೆದರಿ ಹಿಂದೆ ಸರಿದರು, ನಕ್ಕರು. ಅಷ್ಟೇ ಬೇಕಾಗಿದ್ದದ್ದು.

ಹತ್ತಿರದಲ್ಲಿ ಕನ್ನಡದ ಮನೆ ಇದ್ದರೆ ವಾರ ವಾರ ಹೋಗುವಂತೆ ಮಗನಿಗೆ ಹೇಳಬೇಡಿ. ತಿಂಗಳಿಗೊಮ್ಮೆ ಸಾಕು. ನಮ್ಮಂಥವರ ಮಾತು ನಂಬಬೇಡಿ, ನಮಗೆ ಮಕ್ಕಳು ಬಂದರೆ ಖುಷಿ.

ಫೋನಿನ ವಿಷಯದಲ್ಲೂ ಹಾಗೆಯೇ. ದಾವಣಗೆರೆಯಲ್ಲಿ ಊಟ ಮುಗಿಸಿ ರಾತ್ರಿ 8ಕ್ಕೆ ನೀವು ಫೋನ್ ಮಾಡಿದರೆ ಇಲ್ಲಿ 12.30. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಆಗ 1.30. ಹುಡುಗ ಅಮ್ಮನ ಜೊತೆ ಪಿಸುಗುಟ್ಟಿ, ಬೆಳಿಗ್ಗೆ ಏಳೂವರೆಗೆ ಗೇಟಿನ ಹತ್ತಿರ ಸ್ಕೂಲ್ ಬಸ್ ಹತ್ತಿ, ಮುಕ್ಕಾಲು ಗಂಟೆ ನಿದ್ದೆ ಹೊಡೆಯುತ್ತಿದ್ದ. ಬಸ್ಸಿನಲ್ಲೇ ತಾನೇ ಸ್ನೇಹ ಆಗುವುದು! ಶಾಲೆಯಲ್ಲಿ ಫೋನ್ ಮುಟ್ಟುವಂತಿಲ್ಲ. ಈ ರಾಜ್ಯದ ಸರ್ಕಾರಿ ಹೈಸ್ಕೂಲುಗಳಲ್ಲಿ 2023ರ ಅಕ್ಟೋಬರ್‌ನಿಂದ ಹಾಗೇ ನಿಯಮ. ವಾರಕ್ಕೊಮ್ಮೆ, ನಿಮ್ಮ ಮಧ್ಯಾಹ್ನದ ಹೊತ್ತಿಗೆ ಮಾತಾಡಿ.

ಕೆಲಸ ಮಾಡಿಸುತ್ತಾರೆ ಅಂತ ಗಾಬರಿಯಾಗಬೇಡಿ. ಅವನಪ್ಪ ಒಮ್ಮೆ ನನಗೇ ಫೋನ್ ಮಾಡಿ, "ಮೇಡಂ, ನಮ್ಮ ಹುಡುಗನ ಕೈಲಿ ಕೋಳಿಗೂಡು ಗುಡಿಸ್ತಾರಂತೆ, ನಾವು ಲಿಂಗಾಯತರು" ಅಂದರು. ಆ ಮನೆಯ ಮಗಳೂ ಗುಡಿಸುತ್ತಾಳೆ, ಅವಳಪ್ಪನೂ ಗುಡಿಸುತ್ತಾರೆ ಅಂದೆ. ನಮ್ಮಲ್ಲಿ ರೂಮಿನ ಬಾಗಿಲು ಹಾಕಿಕೊಂಡು ಓದುವವನು ಒಳ್ಳೆಯ ಹುಡುಗ. ಇಲ್ಲಿ ಅವನು ಮನೆಯವರ ಜೊತೆ ಸೇರದ ಹುಡುಗ. ತಟ್ಟೆ ತೊಳೆಯುವಾಗ ಪಕ್ಕ ನಿಂತು ಒರೆಸಿದರೆ ಅರ್ಧ ಮಾತು ಅಲ್ಲೇ ಆಗುತ್ತದೆ. ಊರಾಚೆಯ ಮನೆಗಳಲ್ಲಿ ಮಳೆನೀರಿನ ಟ್ಯಾಂಕೇ ಗತಿ, ಸ್ನಾನ ನಾಲ್ಕು ನಿಮಿಷ. ಬಕೆಟ್ ಸ್ನಾನ ಕಲಿತ ನಮ್ಮ ಮಕ್ಕಳಿಗೆ ಇದೊಂದು ಕಷ್ಟ ಆಗಬಾರದು.

ಹದಿಮೂರು ವರ್ಷದ ಮಕ್ಕಳು ಹೊಲದಲ್ಲಿ ಯೂಟ್ ಓಡಿಸುತ್ತಾರೆ. ಯೂಟ್ ಅಂದರೆ ಹಿಂದೆ ತೆರೆದ ಪಿಕಪ್. ಎಕ್ಸ್‌ಚೇಂಜ್ ಮಕ್ಕಳು ಮಾತ್ರ ಸ್ಟೀರಿಂಗ್ ಮುಟ್ಟುವಂತಿಲ್ಲ. ಮುಟ್ಟಿದರೆ ವಾಪಸ್ ವಿಮಾನ. ಬೇಸಿಗೆಯಲ್ಲಿ ಕಂದು ಹಾವು, ಉದ್ದ ಹುಲ್ಲಿಗೆ ಚಪ್ಪಲಿಯಲ್ಲಿ ಇಳಿಯಬಾರದು. ಸೆಪ್ಟೆಂಬರ್ ಹೊತ್ತಿಗೆ ಮ್ಯಾಗ್‌ಪೈ ಹಕ್ಕಿ ತಲೆಗೆ ಎರಗುತ್ತದೆ. ದೀಪಾವಳಿ ಅಂತ ಪಟಾಕಿ ಹಚ್ಚುವಂತಿಲ್ಲ, ಅದು ಕಾನೂನಿಗೇ ವಿರೋಧ, ಒಣಹುಲ್ಲಿನ ಕಾಲ ಬೇರೆ.

ಒಂದು ದಿನ ಅವನನ್ನು ಭತ್ತದ ಗದ್ದೆ ನೋಡಲು ಕರೆದುಕೊಂಡು ಹೋದೆವು. ಮುರ್ರಂಬಿಜಿ ನದಿಯ ಕಾಲುವೆಗೆ 1912ರಲ್ಲಿ ನೀರು ಬಿಟ್ಟ ಮೇಲೆ ಹುಟ್ಟಿದ ಊರು ನಮ್ಮದು. ಅವನ ಊರಲ್ಲಿ ಭದ್ರಾ ಕಾಲುವೆ. ಎರಡೂ ಕಡೆ ಭತ್ತ. ಹುಡುಗ ಮೌನವಾಗಿ ನೋಡಿ, "ನಾಟಿ ಮಾಡೋರು ಎಲ್ಲಿ ಆಂಟಿ?" ಅಂದ. ವಿಮಾನದಿಂದ ಬಿತ್ತುತ್ತಾರಪ್ಪ ಅಂದೆ. ಸುಮ್ಮನಾದ. ಕಣ್ಣು ಹಾಯಿಸಿದಷ್ಟು ದೂರ ಒಬ್ಬ ಮನುಷ್ಯ ಇಲ್ಲ. ಬಂದ ಹೊಸದರಲ್ಲಿ ನನಗೂ ಇದೇ ಕಣ್ಣಿಗೆ ಹೊಡೆದಿತ್ತು. ಆ ಅಕ್ಕಿಯೂ ಹೆಚ್ಚಾಗಿ ಗುಂಡಗೆ, ಅಂಟಂಟು. ಚಿತ್ರಾನ್ನಕ್ಕೆ ಆಗಿಬರುವುದಿಲ್ಲ. ಭತ್ತದ ಊರಲ್ಲಿದ್ದುಕೊಂಡು ಸೋನಾಮಸೂರಿ ತರಲು ಗ್ರಿಫಿತ್‌ಗೆ ಅರವತ್ತು ಕಿಲೋಮೀಟರ್ ಹೋಗುತ್ತೇವೆ.

ನನ್ನ ಮಗಳ ಬಗ್ಗೆ ಹೇಳಬೇಕು. ಹನ್ನೊಂದು ವರ್ಷ, ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಹುಡುಗ ಬಂದು ಮೂರು ತಿಂಗಳಿಗೆ ಅವಳು ನನಗೇ "ಯಾಕಲೇ?" ಅಂದಳು. ಬೈದೆ. ಒಳಗೆ ಹೋಗಿ ಅವಳಪ್ಪನಿಗೆ ಹೇಳಿ ನಕ್ಕೆ. ಅ ಆ ಇ ಈ ತಿದ್ದಿಸಿ ನಾನು ಕಲಿಸಿದ್ದೆಲ್ಲ ಪಾಠವಾಗಿಯೇ ಉಳಿದಿತ್ತು. ಜಗಳ ಆಡಲು ಇನ್ನೊಂದು ಮಗು ಬೇಕಿತ್ತು. ಅವನು ಹೋದ ಮೇಲೆ "ಯಾಕಲೇ" ಎರಡು ತಿಂಗಳು ಉಳಿಯಿತು. ಈಗ ಇಲ್ಲ.

ಮೊನ್ನೆ ಅವನಮ್ಮ ಫೋನ್ ಮಾಡಿದ್ದರು. ಯಾರದೋ ಮದುವೆಗೆ ಹೋಗಿದ್ದರಂತೆ. ಹೋಳಿಗೆ ಬಡಿಸಲು ಬಂದವರು "ಹಾಕಲಾ?" ಅಂದರೆ ಇವನು "ಎರಡು ಹಾಕಿ" ಅಂದನಂತೆ. ಪಕ್ಕದ ಎಲೆಯವರೆಲ್ಲ ತಿರುಗಿ ನೋಡಿದರಂತೆ. ಮೂರನೆಯದಕ್ಕೆ ಬೇಡ ಅಂದ, ಅವರು ಹಾಕಿಯೇಬಿಟ್ಟರು. "ಬೇಡ ಅಂದೆನಲ್ಲ" ಅಂತ ಎಲೆಯಿಂದೆತ್ತಿ ಅಮ್ಮನ ಎಲೆಗೆ ಇಟ್ಟನಂತೆ.

"ಏನು ಕಲಿಸಿ ಕಳಿಸಿದ್ದೀರಿ ಅಕ್ಕಾ?" ಅಂದರು. ನಗುತ್ತಿದ್ದರು, ಆದರೆ ಪೂರ್ತಿ ನಗು ಅಲ್ಲ.