ಹಳೆಯ ಕಾರಿನ ಸಸ್ಪೆನ್ಷನ್: ನಾನು ಮಾಡಿದ ಕೆಲಸ, ಮಾಡಿಕೊಂಡ ಎಡವಟ್ಟು

ನನ್ನ ಕಾರು ತಿರುವಿನಲ್ಲಿ ಮೊದಲು ವಾಲುತ್ತಿತ್ತು, ಆಮೇಲೆ ತಿರುಗುತ್ತಿತ್ತು. ಗುಂಡಿಗೆ ಇಳಿದರೆ ಮುಂದಿನ ಎಡಗಡೆಯಿಂದ ಟಕ್ ಅಂತ ಸದ್ದು. ಬ್ರೇಕ್ ಒತ್ತಿದರೆ ಮೂತಿ ನೆಲ ಮೂಸಲು ಹೋದ ಹಾಗೆ ಬಗ್ಗುತ್ತಿತ್ತು. 14 ವರ್ಷದ ಸಣ್ಣ ಹ್ಯಾಚ್‌ಬ್ಯಾಕ್, 1,40,000 ಕಿಲೋಮೀಟರ್ ದಾಟಿತ್ತು. ಎಂಜಿನ್ ಮಾತ್ರ ಕಲ್ಲುಗುಂಡು. ಮಾರಲು ಮನಸ್ಸಾಗಲಿಲ್ಲ.

ನಿಜ ಹೇಳಬೇಕೆಂದರೆ ನನಗೆ ಬೇಕಿದ್ದದ್ದು ರಿಪೇರಿ ಅಲ್ಲ, ಶೋಕಿ. ಕಾರು ಎರಡು ಇಂಚು ತಗ್ಗಬೇಕು, ಗಟ್ಟಿ ಸ್ಪ್ರಿಂಗ್ ಬೇಕು, ಅಷ್ಟೇ ತಲೆಯಲ್ಲಿ ಇದ್ದದ್ದು. "ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿಬಿಡೋ, ಮುಗೀತು" ಅಂತ ಗೆಳೆಯ ಬೇರೆ ಹುರಿದುಂಬಿಸಿದ್ದ. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಬಿರುಸಾಗುವುದು ನಿಜ. ಆದರೆ ಕತ್ತರಿಸಿದ ತುದಿ ತನ್ನ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಜೋತುಬಿದ್ದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ತಪ್ಪಬಹುದು. ಇನ್ನೊಂದು ವಿಷಯ ನನಗೆ ಆಮೇಲೆ ಹೊಳೆಯಿತು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿ ಸೇರಿದ್ದು) ಇರುವ ಕಾರಿನಲ್ಲಿ, ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋಯರ್ ಆರ್ಮ್ ಸಾಮಾನ್ಯವಾಗಿ ಚಕ್ರದ ಕಡೆಗೆ ಸ್ವಲ್ಪ ಇಳಿಜಾರಾಗಿರುತ್ತದೆ. ಕಾರು ತೀರಾ ತಗ್ಗಿಸಿದರೆ ಆ ಇಳಿಜಾರು ಹೋಗಿ, ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಕಾರಿಗಿಂತ ಜಾಸ್ತಿ ಕೆಳಗಿಳಿಯುತ್ತದೆ. ಅಂದರೆ ಕಾರನ್ನು ವಾಲಿಸುವ ಸನ್ನೆಕೋಲು ಇನ್ನೂ ಉದ್ದವಾದ ಹಾಗೆ. ನೋಡೋಕೆ ರೇಸ್ ಕಾರು, ಓಡಿಸೋಕೆ ತೊಟ್ಟಿಲು.

ಹಾಗಾಗಿ ಮೊದಲು ಕಾರಿನ ಕೆಳಗೆ ನುಗ್ಗಿದೆ. ಜಾಕಿಯೊಂದನ್ನೇ ನಂಬಿ ಕಾರಿನ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಟ್ಟೇ ಹೋಗಿ. ಚಕ್ರವನ್ನು ಎಡಕ್ಕೂ ಬಲಕ್ಕೂ ಹಿಡಿದು ಅಲುಗಾಡಿಸಿದೆ. ಆಟ (ಸಡಿಲ) ಇದ್ದರೆ ಹೆಚ್ಚಾಗಿ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಹೋಗಿರುತ್ತದೆ. ನನ್ನದು ಸರಿ ಇತ್ತು. ಮೇಲೂ ಕೆಳಗೂ ಹಿಡಿದು ಅಲುಗಾಡಿಸಿದಾಗ ಆರ್ಮಿನ ತುದಿಯ ಗುಂಡು ಕೀಲಾದ ಬಾಲ್ ಜಾಯಿಂಟ್ ಹತ್ತಿರ ಸಣ್ಣ ಕಟಕಟ. ಆಮೇಲೆ ಲೋಯರ್ ಆರ್ಮ್‌ನ ಹಿಂದಿನ ಬುಷ್ (ಕೀಲಿನೊಳಗಿನ ರಬ್ಬರ್ ತುಂಡು) ಪಕ್ಕ ಸಬ್ಬಲಿನಂಥ ರಾಡು ತೂರಿಸಿ ಮೀಟಿದೆ. ರಬ್ಬರ್ ಬಾಯಿ ತೆರೆದುಕೊಂಡಿತು, ಒಣಗಿದ ಕೊಬ್ಬರಿ ಹೋಳಿನ ಹಾಗೆ. ಸ್ಟೀರಿಂಗ್ ತಿರುಗಿಸಿದ ಮೇಲೆ ಕಾರು ಯಾಕೆ ತಡವಾಗಿ ತಿರುಗುತ್ತಿತ್ತು ಅಂತ ಆಗ ಗೊತ್ತಾಯಿತು. ಚಕ್ರವನ್ನು ಹಿಡಿದಿಡಬೇಕಾದ ಕೈಯೇ ಹಿಂದೆ ಮುಂದೆ ಸರಿಯುತ್ತಿತ್ತು.

ಟೈರಿನ ಗೀರು ಆಳವಾಗಿಯೇ ಇತ್ತು, ಹಾಗಾಗಿ ಅದರ ಕಡೆ ಗಮನವೇ ಹೋಗಿರಲಿಲ್ಲ. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕೆ ನೋಡಿದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಲೆಕ್ಕ ಹಾಕಿದರೆ ಟೈರಿಗೆ ಒಂಬತ್ತು ವರ್ಷ! ಉಗುರು ಒತ್ತಿದರೆ ಗುರುತೇ ಬೀಳದಷ್ಟು ಕಲ್ಲಾಗಿತ್ತು. ನಾಲ್ಕನ್ನೂ ಬದಲಿಸಿದೆ. ಸುಮ್ನೆ ಹೇಳುತ್ತಿಲ್ಲ, ಇಡೀ ಕೆಲಸದಲ್ಲಿ ಅರ್ಧ ಫಲ ಅಲ್ಲೇ ಸಿಕ್ಕಿತು.

ಆಮೇಲೆ ಸ್ಟ್ರಟ್. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದೆ. ಸ್ಟ್ರಟ್ ಮತ್ತು ನಕಲ್ (ಚಕ್ರವನ್ನು ಹೊತ್ತಿರುವ ಲೋಹದ ಭಾಗ) ಸೇರುವ ಎರಡು ದಪ್ಪ ಬೋಲ್ಟು ಬಿಚ್ಚುವ ಮುಂಚೆ ಅವು ಕೂತ ಜಾಗಕ್ಕೆ ಗುರುತು ಹಾಕಬೇಕು, ಅಲ್ಲಿನ ಸಣ್ಣ ಸಡಿಲವೇ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ವಾಲಿರುವ ಕೋನ) ಬದಲಿಸುತ್ತದೆ. ನಾನು ಸೀಮೆಸುಣ್ಣದಲ್ಲಿ ಹಾಕಿದ್ದೆ. ಎಣ್ಣೆ ಒರೆಸುವಾಗ ಅದೂ ಹೋಯಿತು. ನಕಲ್ ಅನ್ನು ಬ್ರೇಕ್ ಪೈಪಿನ ಮೇಲೆ ಜೋತುಬೀಳಲು ಬಿಡದೆ ತಂತಿಯಿಂದ ಕಟ್ಟಿದ್ದೆ ಅನ್ನುವುದೊಂದೇ ಸಮಾಧಾನ.

ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ಬಿಗಿಸುವಾಗ ಮಾತ್ರ ಎದೆ ಡವಡವ. ಎರಡೂ ಕೊಕ್ಕೆ ಎದುರುಬದುರಾಗಿ ಇರಬೇಕು. ಅದಕ್ಕೆ ಎರಡು ಸುತ್ತು, ಇದಕ್ಕೆ ಎರಡು ಸುತ್ತು ಅಂತ ಸಮನಾಗಿ ಬಿಗಿಸುತ್ತಾ ಹೋಗಬೇಕು. ಸ್ಪ್ರಿಂಗ್ ತನ್ನ ಕೂರುವ ತಟ್ಟೆಯಿಂದ ಬಿಟ್ಟುಕೊಂಡು ಕೈಗೆ ಸಡಿಲ ಅನ್ನಿಸುವವರೆಗೆ ಮೇಲಿನ ನಟ್ಟು ಮುಟ್ಟಬಾರದು. ಒಳಗಿನ ಬಂಪ್ ಸ್ಟಾಪ್ (ಸ್ಟ್ರಟ್ ಪೂರ್ತಿ ಕುಸಿದಾಗ ಹೊಡೆತ ತಡೆಯುವ ಮೆತ್ತೆ) ಮುಟ್ಟಿದರೆ ಪುಡಿಪುಡಿ. ಮೇಲಿನ ಮೌಂಟಿನ ಬೇರಿಂಗ್ ತಿರುಗಿಸಿದರೆ ಒಳಗೆ ಮರಳು ಹಾಕಿದ ಹಾಗೆ ಕರಕರ. ಸ್ಟೀರಿಂಗ್ ತಿರುಗಿಸಿ ಬಿಟ್ಟರೆ ತಾನಾಗಿ ವಾಪಸ್ ಬರುತ್ತಿರಲಿಲ್ಲ ಅಲ್ವಾ, ಅದಕ್ಕೆ ಇದೂ ಒಂದು ಕಾರಣ. ಶಾಕ್ ಅಬ್ಸಾರ್ಬರ್ ಒಂದರಲ್ಲಿ ಮಾತ್ರ ಎಣ್ಣೆ ಒಸರಿತ್ತು, ಆದರೂ ಜೋಡಿಯಾಗಿಯೇ ಬದಲಿಸಿದೆ. ಸ್ಪ್ರಿಂಗ್ ಕಂಪನಿಯ ಅಳತೆಯದ್ದೇ. ಶಾಕ್ ಅಬ್ಸಾರ್ಬರ್ ಮಾತ್ರ ಸ್ವಲ್ಪ ಬಿಗಿಯಾದ ಗ್ಯಾಸ್ ತುಂಬಿದ್ದು.

ಇನ್ನು ದೊಡ್ಡ ಎಡವಟ್ಟು. ಬುಷ್ ಸಮೇತ ಬಂದ ಹೊಸ ಲೋಯರ್ ಆರ್ಮ್ ಕೂರಿಸಿ, ಚಕ್ರ ಗಾಳಿಯಲ್ಲಿ ಜೋತಿರುವಾಗಲೇ ಬೋಲ್ಟುಗಳನ್ನು ಶಕ್ತಿಯೆಲ್ಲಾ ಹಾಕಿ ಬಿಗಿಸಿಬಿಟ್ಟೆ. ರಬ್ಬರ್ ಬುಷ್ ಬೋಲ್ಟಿನ ಸುತ್ತ ತಿರುಗುವುದಿಲ್ಲ. ಒಳಗಿನ ಕೊಳವೆ ಅಲ್ಲೇ ಕಚ್ಚಿಕೊಂಡು, ಮಧ್ಯದ ರಬ್ಬರ್ ಮಾತ್ರ ತಿರುಚಿಕೊಳ್ಳುತ್ತದೆ. ಜೋತ ಸ್ಥಿತಿಯಲ್ಲಿ ಬಿಗಿಸಿದರೆ ಕಾರು ನೆಲಕ್ಕೆ ಇಳಿದ ಕ್ಷಣದಿಂದ ಆ ರಬ್ಬರ್ ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತದೆ. ಕಾರಿನ ಮೂತಿ ಒಂದಿಷ್ಟು ಎತ್ತರ ಕಂಡಾಗ "ಹೊಸ ಸಾಮಾನು, ಹಾಗೇ ಇರುತ್ತೆ" ಅಂದುಕೊಂಡೆ. ಐದು ತಿಂಗಳಿಗೆ ಬುಷ್ ಮತ್ತೆ ಬಿರುಕು. ತಪ್ಪು ಪೂರಾ ನನ್ನದೇ. ಎರಡನೇ ಸಲ ಬೋಲ್ಟು ಸಡಿಲ ಬಿಟ್ಟು ಕಾರನ್ನು ರ‍್ಯಾಂಪ್ ಮೇಲೆ ಹತ್ತಿಸಿದೆ. ಭಾರ ಚಕ್ರದ ಮೇಲಿರುವಾಗ ನಾಲ್ಕು ಸಲ ಬಾನೆಟ್ ಒತ್ತಿ ಬಿಟ್ಟು, ಆಮೇಲೆ ಬಿಗಿ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲಿ ಬಿಗಿಸಿದೆ. ಆ ಬುಷ್ ಇವತ್ತಿಗೂ ಗಟ್ಟಿಯಾಗಿದೆ. ಪಾಲಿಯುರೆಥೇನ್ ಬುಷ್ ಹಾಕು ಅಂದವರೂ ಇದ್ದರು. ಅದಕ್ಕೆ ಸರಿಯಾದ ಗ್ರೀಸ್ ಇಲ್ಲದಿದ್ದರೆ ಕೀರಲು ಶುರು, ನಡುಕವೂ ಒಳಗೆ ಜಾಸ್ತಿ ಬರುತ್ತದೆ. ದಿನಾ ಓಡಿಸುವ ಕಾರಿಗೆ ರಬ್ಬರೇ ಇರಲಿ ಅಂದೆ.

ಅಲೈನ್‌ಮೆಂಟ್‌ಗೆ ಹೋದಾಗ ಸೀಮೆಸುಣ್ಣದ ಪಾಪ ಹೊರಬಂತು. ಎಡಕ್ಕೂ ಬಲಕ್ಕೂ ಕ್ಯಾಂಬರ್‌ನಲ್ಲಿ ಸುಮಾರು ಒಂದು ಡಿಗ್ರಿ ವ್ಯತ್ಯಾಸ. ಬೋಲ್ಟು ಸಡಿಲಿಸಿ ನಕಲ್ ಒಳಗೆ ತಳ್ಳಿ ಸರಿಮಾಡಿದ ಮೇಲೇ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರುವುದು) ಹೊಂದಿಸಿದ್ದು. ಕ್ಯಾಂಬರ್ ಬದಲಾದರೆ ಟೋ ಕೂಡ ಬದಲಾಗುತ್ತದೆ, ಆದ್ದರಿಂದ ಟೋ ಕೊನೆಗೇ.

ಇಷ್ಟಾದ ಮೇಲೂ ಕೈ ಸುಮ್ಮನಿರಲಿಲ್ಲ. ಮುಂದೆ 18 ಮಿಲಿಮೀಟರ್ ಆ್ಯಂಟಿ ರೋಲ್ ಬಾರ್ (ಕಾರು ವಾಲುವುದನ್ನು ತಡೆಯಲು ಎಡ ಬಲ ಚಕ್ರಗಳನ್ನು ಜೋಡಿಸುವ ಸರಳು) ತೆಗೆದು 20ರದ್ದು ಹಾಕೋಣ ಅಂತ ಆಸೆ. ಎರಡು ಮಿಲಿಮೀಟರ್ ಏನು ಮಹಾ ಅನ್ನಿಸುತ್ತದೆ. ಆದರೆ ಬಾರಿನ ಬಿಗಿ ಅದರ ದಪ್ಪದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ, ಅಂದರೆ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಮುಂದಿನ ಚಕ್ರ ಎಳೆಯುವ ಕಾರು ಮೊದಲೇ ತಿರುವಿನಲ್ಲಿ ಮೂತಿಯನ್ನು ಹೊರಗೆ ತಳ್ಳುತ್ತದೆ. ಮುಂದೆ ಇನ್ನೂ ಬಿಗಿ ಮಾಡಿದರೆ ಆ ಚಾಳಿ ಜಾಸ್ತಿಯಾಗುವುದೇ ಹೆಚ್ಚು. ಹಾಗಾಗಿ ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಬೀಮಿಗೆ ಒಂದು ತೆಳ್ಳನೆಯ ಬಾರ್ ಸೇರಿಸಿದೆ. ಮೂತಿ ಈಗ ಹೇಳಿದ ಕಡೆ ಹೋಗುತ್ತದೆ. ಆದರೆ ಒದ್ದೆ ರಸ್ತೆಯ ತಿರುವಿನಲ್ಲಿ ಒಮ್ಮೆ ಗಾಬರಿಯಾಗಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ ನೋಡಿ, ಹಿಂಭಾಗ ಮೆಲ್ಲಗೆ ಜಾರಲು ನೋಡಿತು. ಅಂದಿನಿಂದ ಮಳೆಯಲ್ಲಿ ತಿರುವು ಬರುವ ಮುಂಚೆಯೇ ವೇಗ ಇಳಿಸುತ್ತೇನೆ.

ಹಿಂದಿನ ಬೀಮ್‌ನ ಎರಡು ಬುಷ್ ಇನ್ನೂ ಹಳೆಯವೇ. ಅವನ್ನು ಹೊರಗೆ ಎಳೆಯಲು ಪುಲ್ಲರ್ ಬೇಕು, ನನ್ನ ಹತ್ತಿರ ಇಲ್ಲ. ಸುತ್ತಿಗೆಯಲ್ಲಿ ಹೊಡೆದು ನೋಡೋಣ್ವಾ ಅಂತ ಗೆಳೆಯ ಕೇಳಿದ್ದಾನೆ. ಇನ್ನೂ ಹೂಂ ಅಂದಿಲ್ಲ.