ಭದ್ರಾ ಹಿನ್ನೀರಿನಲ್ಲಿ ಎರಡು ರಾತ್ರಿ

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರಿಗೆ ನಿಜವಾದ ಬಿಡುವು ಸಿಗುವುದು ಕೊಯ್ಲು ಮುಗಿದು, ಹೂಮಳೆ ಬಿದ್ದು, ಗಿಡ ಕಾಯಿ ಕಟ್ಟತೊಡಗಿದ ಮೇಲೆಯೇ. ಆ ಬಿಡುವಿನಲ್ಲಿ ಅಂಡಮಾನಿಗೆ ಹೋಗಬೇಕೆಂಬುದು ನನ್ನ ಹೆಂಡತಿಯ ಬಹುದಿನದ ಆಸೆ. ಆದರೆ ಎಪ್ಪತ್ತೆಂಟು ವರ್ಷದ ಅಮ್ಮನನ್ನು ಮನೆಯಲ್ಲಿ ಬಿಟ್ಟು ಹೋಗುವಂತಿರಲಿಲ್ಲ, ಅಷ್ಟು ದೂರ ಕರೆದೊಯ್ಯುವಂತೆಯೂ ಇರಲಿಲ್ಲ. ಹಾಗಾಗಿ ನಮ್ಮ ಜಿಲ್ಲೆಯಲ್ಲಿಯೇ ಇರುವ ದ್ವೀಪಗಳನ್ನು ನೋಡಲು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಗೆ ಹೊರಟೆವು. ಭದ್ರಾ ಅಣೆಕಟ್ಟೆಯ ನೀರಿನಲ್ಲಿ ಕಣಿವೆ ಮುಳುಗಿದಾಗ ಉಳಿದುಕೊಂಡ ಗುಡ್ಡದ ನೆತ್ತಿಗಳೇ ಅಲ್ಲಿಯ ದ್ವೀಪಗಳು. ಪಕ್ಕದ ಕಾಡು 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಜಂಗಲ್ ಲಾಡ್ಜಸ್‌ನವರ ರಿವರ್ ಟರ್ನ್ ಲಾಡ್ಜ್ ಹಿನ್ನೀರಿನ ಅಂಚಿನ ಗುಡ್ಡದ ಮೇಲಿದೆ.

ಹಿಂದೊಮ್ಮೆ ದಸರಾ ರಜೆಯಲ್ಲಿ ಹೋಗಿ ನಾನೇ ಎಡವಿದ್ದೆ. ಜಲಾಶಯ 186 ಅಡಿಯ ಪೂರ್ಣಮಟ್ಟದ ಹತ್ತಿರವಿದ್ದುದರಿಂದ ತಗ್ಗಿನ ದ್ವೀಪಗಳು ನೀರಿನಡಿ ಸೇರಿದ್ದವು. ಲಾಡ್ಜಿಗೆ ಹೆಸರು ಕೊಟ್ಟ ನದಿ ರೀವ ಹಕ್ಕಿಗಳನ್ನು ಬೋರ್ಡಿನ ಮೇಲಿನ ಚಿತ್ರದಲ್ಲಿ ನೋಡಿದ್ದಷ್ಟೇ. ಅವು ಗೂಡು ಮಾಡುವುದು ಬೇಸಗೆಯಲ್ಲಿ, ನೀರು ಇಳಿದು ದ್ವೀಪದ ಬೋಳು ನೆಲ ಮೇಲೆದ್ದಾಗ. ಆದ್ದರಿಂದ ಈ ಸಲ ಪತ್ರಿಕೆಯಲ್ಲಿ ಬರುವ ಜಲಾಶಯದ ಮಟ್ಟವನ್ನು ಮೂರು ವಾರ ಗಮನಿಸಿ, ಏಪ್ರಿಲ್ ಮೊದಲ ವಾರದಲ್ಲಿ, ಶನಿವಾರ-ಭಾನುವಾರ ಬಿಟ್ಟು, ಎರಡು ರಾತ್ರಿಗೆ ಕೋಣೆ ಕಾದಿರಿಸಿದೆ. ಒಂದೇ ರಾತ್ರಿಯಾದರೆ ಮಧ್ಯಾಹ್ನ ತಲುಪಿ, ಸಂಜೆ ಜೀಪು, ಬೆಳಿಗ್ಗೆ ದೋಣಿ ಎಂದು ಓಡಾಡಿ, ತಿಂಡಿ ಮುಗಿಯುತ್ತಲೇ ಚೀಲ ಕಟ್ಟಬೇಕಾಗುತ್ತದೆ. ಅದು ವಿಶ್ರಾಂತಿಯಲ್ಲ, ಮದುವೆಮನೆಯ ಗಡಿಬಿಡಿ.

ಬೆಳಗಿನ ದೋಣಿಯಲ್ಲಿ ಅಮ್ಮನನ್ನು ನಡುವಿನ ಸೀಟಿನಲ್ಲಿ ಕೂರಿಸಿದೆವು. ದ್ವೀಪ ಇನ್ನೂ ದೂರವಿರುವಾಗಲೇ ಚಾಲಕ ಎಂಜಿನ್ ನಿಲ್ಲಿಸಿದ. ಕಪ್ಪು ಟೋಪಿಯ, ಹಳದಿ ಕೊಕ್ಕಿನ ನೂರಾರು ಹಕ್ಕಿಗಳು ಒಟ್ಟಿಗೆ ಕೂಗುತ್ತಿದ್ದವು. ಗೂಡೆಂದರೆ ಜಲ್ಲಿಯ ನಡುವೆ ಕೆರೆದ ಚಿಕ್ಕ ಗುಳಿ, ಅಷ್ಟೇ. ಚುಕ್ಕೆಚುಕ್ಕೆಯ ಮೊಟ್ಟೆಗಳು ಕಲ್ಲಿನ ಬಣ್ಣಕ್ಕೆ ಎಷ್ಟು ಹೊಂದಿಕೊಂಡಿದ್ದವೆಂದರೆ, ದುರ್ಬೀನಿನಲ್ಲಿ ಒಂದನ್ನು ಗುರುತಿಸಿ, ಕಣ್ಣುಜ್ಜಿಕೊಂಡು ಮತ್ತೆ ನೋಡುವಷ್ಟರಲ್ಲಿ ಅದು ಕಳೆದುಹೋಗಿತ್ತು. ಒಂದು ಹಕ್ಕಿ ನೀರಿಗೆ ಎದೆ ತಾಗಿಸಿ ಹಾರಿ ಬಂದು, ತೊಟ್ಟಿಕ್ಕುವ ಹೊಟ್ಟೆಯಲ್ಲೇ ಮೊಟ್ಟೆಗಳ ಮೇಲೆ ಕುಳಿತಿತು. ಬಿಸಿಲಿಗೆ ಮೊಟ್ಟೆ ಬೇಯದಂತೆ ತಣಿಸುವ ಉಪಾಯವಿದು ಎಂದು ಚಾಲಕ ಹೇಳಿದಾಗ ಅಮ್ಮ, "ಒದ್ದೆ ಬಟ್ಟೆ ಹಾಕಿದ ಹಾಗೆ ಕಣೋ" ಎಂದಳು.

ಎರಡನೆಯ ಸಂಜೆ ಅವಳು ಜೀಪು ಹತ್ತಲು ಒಪ್ಪದೆ ಜಗುಲಿಯಲ್ಲೇ ಕುರ್ಚಿ ಹಾಕಿಸಿಕೊಂಡಳು. ನಾವಿಬ್ಬರೂ ಕಾಡೆಲ್ಲ ಸುತ್ತಿ, ಹುಲಿಯ ಹೆಜ್ಜೆಗುರುತನ್ನೂ ಕಾಣದೆ, ತಲೆಗೂದಲಲ್ಲಿ ಕೆಂಪು ಧೂಳು ತುಂಬಿಕೊಂಡು ಹಿಂತಿರುಗುವಷ್ಟರಲ್ಲಿ, ಆಚೆ ದಡದಲ್ಲಿ ನೀರಿಗಿಳಿದಿದ್ದ ಆನೆಗಳನ್ನು ಅವಳು ಎಣಿಸಿ ಮುಗಿಸಿದ್ದಳು. ಮರಿ ಸೇರಿ ಏಳು.